ಆರದ ಸೀಮೆಎಣ್ಣೆ, ಕೈಬಿಟ್ಟ ವಾಕ್ಯ

ಪತ್ರ ಬಂದದ್ದು ಮಂಗಳವಾರದ ಟಪಾಲಿನಲ್ಲಿ. ಬರೆದವರು ಬೈಂದೂರಿನ ಒಬ್ಬ ಎಣ್ಣೆ ಅಂಗಡಿಯ ಸಾಹುಕಾರರು. ಅಲ್ಲಿನ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ನಮ್ಮ ಪತ್ರಿಕೆಯಲ್ಲಿ ಬರೆದ ಲೇಖನ ತಪ್ಪು ಎಂಬುದು ಅವರ ಆಕ್ಷೇಪ. ನೀರಿನ ಅಣುಗಳು ಒಂದನ್ನೊಂದು ಎಲ್ಲಕ್ಕಿಂತ ಬಿಗಿಯಾಗಿ ಹಿಡಿದುಕೊಂಡಿರುತ್ತವೆ, ಬಿಗಿ ಹಿಡಿತವಿರುವ ದ್ರವ ನಿಧಾನವಾಗಿ ಆರುತ್ತದೆ ಎಂದು ಲೇಖನದಲ್ಲಿ ಅಚ್ಚಾಗಿತ್ತು. 'ನನ್ನ ಅಂಗಡಿಯ ನೆಲಕ್ಕೆ ಚೆಲ್ಲಿದ ನೀರು ಒಂದು ಹೊತ್ತಿನಲ್ಲಿ ಆರುತ್ತದೆ. ಚೆಲ್ಲಿದ ಸೀಮೆಎಣ್ಣೆ ವಾರವಾದರೂ ಆರುವುದಿಲ್ಲ. ಇಷ್ಟು ತಿಳಿಯದವರು ಮಕ್ಕಳಿಗೆ ವಿಜ್ಞಾನ ಹೇಳುವುದು ಬೇಡ' ಎಂದು ಸಾಹುಕಾರರು ಬರೆದಿದ್ದರು. ಕೊನೆಯ ಸಾಲಿನಲ್ಲಿ ಇನ್ನೊಂದು ವಿಷಯವಿತ್ತು. ಅವರು ಶಾಲಾ ಸಮಿತಿಯ ಸದಸ್ಯರು. ಮೇಷ್ಟ್ರ ಕೆಲಸ ಕಾಯಂ ಮಾಡಬೇಕೋ ಬಿಡಬೇಕೋ ಎಂಬುದು ಮುಂದಿನ ವಾರದ ಶನಿವಾರ ಸಮಿತಿಯ ಮುಂದೆ ಬರಲಿತ್ತು.

ಆಗ ನಾನು ಕುಂದಾಪುರದ ಆ ವಾರಪತ್ರಿಕೆಯಲ್ಲಿ ಉಪಸಂಪಾದಕ. ಯುದ್ಧದ ಕಾಲ. ಕಾಗದದ ಮೇಲೆ ನಿಯಂತ್ರಣ ಬಂದು ನಮ್ಮ ಎಂಟು ಪುಟ ನಾಲ್ಕಕ್ಕೆ ಇಳಿದಿತ್ತು. ಮೇಷ್ಟ್ರಿಂದ ಲೇಖನ ಕೇಳಿ ತರಿಸಿದವನು ನಾನು. ಅವರು ಬ್ರಹ್ಮಾವರದ ಕಡೆಯವರು. ಅಲ್ಲಿದ್ದ ಕೆಲಸ ಬಿಟ್ಟು ಕಾಯಂ ಆಗುವ ಭರವಸೆಯಿಂದ ಬೈಂದೂರಿಗೆ ಬಂದಿದ್ದರು. ಇಲ್ಲಿ ಇಲ್ಲವೆಂದರೆ ಹಿಂದಿನ ಜಾಗ ಖಾಲಿ ಇರಲಿಲ್ಲ. ಇದನ್ನು ಅವರೇ ಒಮ್ಮೆ ಮಾತಿನ ನಡುವೆ ಹೇಳಿದ್ದರು.

ಯಾರ ಮೇಲಾದರೂ ಆಕ್ಷೇಪ ಬಂದರೆ ಮೊದಲು ಸಂಗತಿ ನೋಡು, ಆಮೇಲೆ ಅಚ್ಚು ಮಾಡು ಎಂಬುದು ನಾನು ಇಟ್ಟುಕೊಂಡ ಕ್ರಮ. ಸಂಗತಿ ನೋಡುವುದು ಇಲ್ಲಿ ಸುಲಭ ಅನಿಸಿತು. ಮುದ್ರಣಾಲಯದ ಕಿಟಕಿಯ ಕಟ್ಟೆಯ ಮೇಲೆ ಒಂದೇ ಅಳತೆಯ ಮೂರು ಪಿಂಗಾಣಿ ತಟ್ಟೆ ಇಟ್ಟೆ. ಒಂದರಲ್ಲಿ ನೀರು. ಒಂದರಲ್ಲಿ ಅಚ್ಚಿನ ಮೊಳೆ ತೊಳೆಯಲು ಇಟ್ಟಿದ್ದ ಸೀಮೆಎಣ್ಣೆ. ಮೂರನೆಯದರಲ್ಲಿ ಪೆಟ್ರೋಮ್ಯಾಕ್ಸ್ ಹೊತ್ತಿಸಲು ಬಳಸುವ ಸ್ಪಿರಿಟ್. ಮೂರಕ್ಕೂ ಒಂದೊಂದು ಚಮಚ. ಮಳೆಗಾಲ ಮುಗಿದು ಒಣಗಾಳಿ ಬೀಸುತ್ತಿದ್ದ ದಿನಗಳವು.

ನಮ್ಮಲ್ಲಿ ಮೊಳೆ ಜೋಡಿಸುತ್ತಿದ್ದವರು ಹಿರಿಯರು, ಕನ್ನಡಕಕ್ಕೆ ದಾರ ಕಟ್ಟಿಕೊಂಡವರು. ತಟ್ಟೆಗಳನ್ನು ಒಂದು ಸುತ್ತು ನೋಡಿದರು.

"ಎಂತ ಮರಾಯ್ರೆ, ಯಾರಿಗಾರೂ ಎಡಿ ಇಟ್ಟದ್ದಾ?"

"ಯಾವ್ದ್ ಮೊದ್ಲ್ ಆರತ್ತ್ ಅಂತ ಕಾಂಬುಕೆ."

"ಅದನ್ನ್ ಕಾಂಬುಕೆ ತಟ್ಟಿ ಬೇಕಾ? ನನ್ನ್ ಪಂಚಿ ಕಾಣಿ. ಸೀಮೆಎಣ್ಣಿ ವಾಸ್ನಿ ಹತ್ತಿ ಎಷ್ಟ್ ವರ್ಷ ಆಯ್ತ್ ಕೇಣಿ. ಇನ್ನೂ ಹೋಯ್ಲಿಲ್ಲೆ."

ಸ್ಪಿರಿಟ್ ಮಧ್ಯಾಹ್ನದ ಊಟ ಮುಗಿಸಿ ಬರುವುದರೊಳಗೆ ಇರಲಿಲ್ಲ. ನೀರು ಮರುದಿನ ಆರಿತು. ಸೀಮೆಎಣ್ಣೆ ಮೂರನೆಯ ದಿನವೂ ತಟ್ಟೆಯಲ್ಲಿ ಹೊಳೆಯುತ್ತಿತ್ತು, ಒಂದು ಇರುವೆ ಅದರಲ್ಲಿ ಬಿದ್ದು ಸತ್ತಿತ್ತು. ಸಾಹುಕಾರರು ಬರೆದದ್ದು ಅಕ್ಷರಶಃ ನಿಜ. ಮೇಷ್ಟ್ರು ಬರೆದದ್ದರಲ್ಲಿ ಅರ್ಧ ನಿಜ: ಸ್ಪಿರಿಟ್ಟಿನ ವಿಷಯದಲ್ಲಿ ಸರಿ, ಸೀಮೆಎಣ್ಣೆಯ ವಿಷಯದಲ್ಲಿ ತಪ್ಪು. ಅರ್ಧ ಸರಿಯಿರುವ ಲೇಖನವನ್ನು ಏನೆಂದು ಕರೆಯಬೇಕು? ಸಾಹುಕಾರರ ಪತ್ರ ಅಚ್ಚು ಮಾಡಿದರೆ ಮೇಷ್ಟ್ರ ಕೆಲಸ ಹೋಗುತ್ತದೆ. ಮಾಡದಿದ್ದರೆ ನಿಜವೆಂದು ಕಣ್ಣಾರೆ ಕಂಡದ್ದನ್ನು ಮುಚ್ಚಿಟ್ಟ ಹಾಗಾಗುತ್ತದೆ. ಸೋಮವಾರದ ಸಂಚಿಕೆ ಹೊರಡುವ ಹೊತ್ತಿಗೆ ನನಗೆ ನಿರ್ಧಾರ ಬರಲಿಲ್ಲ. ಪತ್ರವನ್ನು ತಡೆದಿಟ್ಟೆ. ಶನಿವಾರದ ಮೊದಲು ಇನ್ನೊಂದು ಸಂಚಿಕೆ ಇಲ್ಲ ಎಂಬುದು ಆಗಲೇ ಗೊತ್ತಿತ್ತು.

ತಟ್ಟೆಯ ಲೆಕ್ಕ ಒರಟು ಅನಿಸಿ, ಸೋಮವಾರ ಮಧ್ಯಾಹ್ನ ಪೇಟೆಯ ಚಿನ್ನದ ಕೆಲಸದ ಆಚಾರ್ರ ಹತ್ತಿರ ಹೋದೆ. ಅವರ ತಕ್ಕಡಿ ಒಂದು ಗುಲಗಂಜಿಯ ಅರ್ಧ ತೂಕವನ್ನೂ ತೋರಿಸುತ್ತದೆ. ಸಮ ಅಳತೆಯ ದ್ರವ ತೆಗೆದುಕೊಂಡು, ಒಂದು ಗಂಟೆಯಲ್ಲಿ ಯಾವುದು ಎಷ್ಟು ಕಡಿಮೆಯಾಗುತ್ತದೆ ಎಂದು ತೂಗುವ ಯೋಚನೆ ನನ್ನದು. ಅಳತೆಗೆಂದು ಕಣ್ಣಿಗೆ ಔಷಧ ಹಾಕುವ ಗಾಜಿನ ಕೊಳವೆ ಒಯ್ದಿದ್ದೆ. ಒಂದೊಂದರಲ್ಲೂ ಐವತ್ತು ಹನಿ ಎಣಿಸಿದರೆ ಸಮ ಅಳತೆ ಸಿಗುತ್ತದೆ ಎಂದು ನಂಬಿದ್ದೆ.

ನೀರಿನ ಐವತ್ತು ಹನಿ ಇಪ್ಪತ್ತು ಗುಲಗಂಜಿಯ ಸಮಕ್ಕೆ ನಿಂತಿತು. ಸೀಮೆಎಣ್ಣೆಯ ಐವತ್ತು ಹನಿ ಎಂಟಕ್ಕೇ ನಿಂತಿತು. ಸ್ಪಿರಿಟ್ ಏಳು ಮುಟ್ಟಲಿಲ್ಲ.

"ಎಣ್ಸದ್ ತಪ್ಪಿತ್," ಅಂದೆ.

"ನೀವ್ ತಪ್ಪಿರೆ ನಾನ್ ತಪ್ಪುದಿಲ್ಲೆ. ನಾನೂ ಎಣ್ಸಿದೆ," ಅಂದರು ಆಚಾರ್ರು. "ಐವತ್ತೇ."

"ಸೀಮೆಎಣ್ಣಿ ನೀರಿಗಿಂತ ಹಗುರ. ಅದ್ಕೆ ಆದೀತ್."

"ಹಗುರ ಅಂದ್ರೆ ಅರ್ಧಕ್ಕಿಂತ ಕಡ್ಮಿ ಆತ್ತಾ? ಹನಿ ಕಾಣಿ ಹ್ವಾಯ್, ಹನಿ! ನೀರಿನ ಹನಿ ಕೊಳ್ವಿ ಬಾಯಂಗೆ ದಪ್ಪ ಆಪುವರೆಗೆ ಕಾಯ್ತ್. ಇದ್ ಕಾಯುದಿಲ್ಲೆ. ಸಣ್ಣದ್ ಇಪ್ಪಾಗ್ಳೇ ಬೀಳತ್ತ್."

ಕೊಳವೆಯನ್ನು ಬೆಳಕಿಗೆ ಹಿಡಿದು ಇಬ್ಬರೂ ನೋಡಿದೆವು. ಅವರು ಹೇಳಿದ್ದು ಸರಿ. ನೀರಿನ ಹನಿ ಕೊಳವೆಯ ತುದಿಯಲ್ಲಿ ಉಬ್ಬಿ, ತೂಗಾಡಿ, ಇನ್ನು ತಾಳಲಾರದು ಎಂದಾದ ಮೇಲೆ ಕಳಚುತ್ತಿತ್ತು. ಸೀಮೆಎಣ್ಣೆ ಕಡಲೆ ಬೇಳೆಯಷ್ಟಾಗುವ ಮೊದಲೇ ಕಳಚುತ್ತಿತ್ತು. ತನ್ನನ್ನು ತಾನು ಹಿಡಿದುಕೊಳ್ಳುವ ಶಕ್ತಿ ನೀರಿಗೆ ಹೆಚ್ಚು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಮೇಷ್ಟ್ರು ಹೇಳಿದ್ದೇ ಸರಿ. ಆದರೆ ಮುದ್ರಣಾಲಯದ ಕಿಟಕಿಯಲ್ಲಿ ಸೀಮೆಎಣ್ಣೆ ಇನ್ನೂ ಆರಿರಲಿಲ್ಲ.

ಟಿಪ್ಪಣಿ ಪುಸ್ತಕದಲ್ಲಿ ಹೀಗೆ ಬರೆದುಕೊಂಡೆ: 'ಹನಿಯ ಸಾಕ್ಷಿ: ನೀರು ಬಿಗಿ, ಸೀಮೆಎಣ್ಣೆ ಸಡಿಲ. ತಟ್ಟೆಯ ಸಾಕ್ಷಿ: ಸೀಮೆಎಣ್ಣೆ ಬಿಗಿ, ನೀರು ಸಡಿಲ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.' ವರದಿಗಾರನಾಗಿ ಎರಡು ಸಾಕ್ಷಿಗಳು ಜಗಳವಾಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆಗೆಲ್ಲ ಒಬ್ಬರಿಗೆ ಸುಳ್ಳು ಹೇಳಲು ಏನಾದರೂ ಕಾರಣವಿರುತ್ತಿತ್ತು. ಇಲ್ಲಿ ಯಾರನ್ನು ಸಂಶಯಿಸುವುದು?

ಬುಧವಾರ ಬೈಂದೂರಿಗೆ ಹೊರಟೆ. ದೋಣಿಯಲ್ಲಿ ಹೊಳೆ ದಾಟಿ, ಆಚೆ ದಡದಲ್ಲಿ ಇದ್ದಿಲು ಗ್ಯಾಸಿನ ಬಸ್ಸು ಹಿಡಿದೆ. ಏರು ಬಂದಾಗಲೆಲ್ಲ ಇಳಿದು ನಡೆದೆವು. ಮೇಷ್ಟ್ರು ಶಾಲೆಯ ಹಿಂದಿನ ಒಂದು ಕೋಣೆಯಲ್ಲಿ ಬಾಡಿಗೆಗೆ ಇದ್ದರು. ವಿಷಯ ಅವರಿಗೆ ಗೊತ್ತಾಗಿತ್ತು. ಸಾಹುಕಾರರು ಅಂಗಡಿಗೆ ಬಂದವರಿಗೆಲ್ಲ ಪತ್ರಿಕೆ ತೋರಿಸುತ್ತಿದ್ದರಂತೆ.

ಮೇಷ್ಟ್ರು ನನ್ನ ಟಿಪ್ಪಣಿ ಪುಸ್ತಕ ಓದಿ ಹಿಂದೆ ಕೊಟ್ಟರು.

"ಎರಡೂ ಸರಿ," ಅಂದರು.

"ಎರಡೂ ಸರಿ ಆಪ್ದ್ ಹ್ಯಾಂಗೆ ಮೇಷ್ಟ್ರೆ?"

ಅವರು ಗೋಡೆಗೆ ಒರಗಿಸಿದ್ದ ಹರಿದ ಬೀಸುಬಲೆಯ ಕಡೆ ಕೈ ತೋರಿಸಿದರು. ಮನೆಯೊಡೆಯರದ್ದಂತೆ.

"ಅದನ್ನ್ ಇನ್ನೊಂದ್ ಬಲೆ ಮೇಲೆ ಹಾಕಿ ಎಳೀರಿ. ಒಂದೊಂದ್ ಕಡೆ ಕಂಡ್ರೆ ಸಿಕ್ಕಿದ್ದ್ ಬೆರಳಂಗೆ ಬಿಡ್ಸುವಷ್ಟೇ. ಆದ್ರೆ ಇಡೀ ಬಲೆ ಬತ್ತಾ? ಬಪ್ಪುದಿಲ್ಲೆ. ಸೀಮೆಎಣ್ಣೆ ಅಣು ಹಾಂಗೆ, ಉದ್ದ. ಒಂದೊಂದ್ ಜಾಗದಲ್ಲಿ ಹಿಡಿತ ಸಡಿಲ, ಆದ್ರೆ ಮೈಯುದ್ದಕ್ಕೂ ಹಿಡಿತ. ಆರೂದ್ ಅಂದ್ರೆ ಇಡೀ ಅಣು ಬಿಡ್ಸ್‌ಕಂಡ್ ಹೋಯ್ಕ್. ನೀರಿಂದ್ ಸಣ್ಣ ಅಣು, ಆದ್ರೆ ಆ ಸಣ್ಣ ಮೈಯಂಗೇ ಗಟ್ಟಿ ಹಿಡಿತ. ಹನಿ ತೋರ್ಸೂದ್ ಆ ಜಾಗದ ಹಿಡಿತ. ತಟ್ಟೆ ತೋರ್ಸೂದ್ ಇಡೀ ಅಣುವಿಂದ್."

ಅರ್ಥವಾಯಿತು ಅಂದೆ. ಪೂರ್ತಿ ಆಗಿರಲಿಲ್ಲ. ಹಾಗಾದರೆ ಎರಡು ಅಣುಗಳಲ್ಲಿ ಯಾವುದು ಬಿಗಿ ಎಂದು ಹೇಳುವುದು ಹೇಗೆ ಎಂದು ಕೇಳಿದೆ.

"ಅದ್ಕೇ ಸರಿಸಮ ಗಾತ್ರದ ಅಣುಗಳನ್ನೇ ಹೋಲ್ಸ್‌ಕ್. ಜವುಗು ಅನಿಲ ಅಂದ್ರೆ ಮೀಥೇನ್, ಅಮೋನಿಯಾ, ನೀರು. ಮೂರೂ ಹತ್ರಹತ್ರ ಒಂದೇ ತೂಕದ ಅಣು. ಮೊದಲ್ನೇದ್ ಸೊನ್ನೆಗಿಂತ ನೂರ ಅರವತ್ತೊಂದ್ ಡಿಗ್ರಿ ಕೆಳಗೇ ಕುದ್ದ್ ಹೋತ್ತ್. ಎರಡನೇದ್ ಮೂವತ್ತಮೂರ್ ಡಿಗ್ರಿ ಕೆಳಗೆ. ನೀರಿಗೆ ನೂರ್ ಡಿಗ್ರಿ ಶಾಖ ಕೊಡ್ಕ್. ಅಲ್ಲಿ ಗಾತ್ರದ ನೆಪ ಇಲ್ಲೆ, ಹಿಡಿತದ್ದೇ ವ್ಯತ್ಯಾಸ."

"ಸರಿಸಮ ಅಣುಗೆ ಮಾತ್ರ ಅಂಬ್ದನ್ನ್ ಲೇಖನದಲ್ಲಿ ಬರೀಲಿಲ್ವಾ?"

"ಮೂರರ ಲೆಕ್ಕ ಬರ್ದಿದ್ದೆ. ಅಚ್ಚಾಯಿತ್ ಅಲ್ದಾ? ಸೀಮೆಎಣ್ಣೆಗೆ ಇದ್ ಸಲ್ಲೂದಿಲ್ಲ ಅಂತ್ಲೂ ಒಂದ್ ವಾಕ್ಯ ಬರ್ದ ನೆನ್ಪ್." ತಡೆದು, "ಬರೀದೆ ಇಪ್ಪುಕೂ ಸಾಕ್. ಪ್ರತಿ ಇಟ್ಕಂಡಿಲ್ಲೆ. ಕಾಗದ ಎಲ್ಲಿತ್?" ಅಂದರು. ಆಮೇಲೆ ನೆಲ ನೋಡುತ್ತ, "ಶನಿವಾರ ಅವ್ರ್ ಕೇಂಡ್ರೆ, ನಾನೇ ಮರ್ತದ್ದ್ ಅಂತ ಹೇಳ್ತೆ," ಅಂದರು.

ಬಸ್ಸಿನಲ್ಲಿ ವಾಪಸು ಬರುವಾಗ ಆ ಮಾತೇ ತಲೆಯಲ್ಲಿತ್ತು. ಬರೆದ ನೆನಪು. ಅಚ್ಚಾದದ್ದರಲ್ಲಿ ಆ ವಾಕ್ಯ ಇಲ್ಲ. ಬರೆದದ್ದು ಮತ್ತು ಅಚ್ಚಾದದ್ದು, ಇವೆರಡರ ನಡುವೆ ಕುಳಿತಿರುವವನು ನಾನು. ಲೇಖನ ಅಚ್ಚಾದ ವಾರ ಏನು ಮಾಡಿದ್ದೆನೆಂದು ನೆನಪಿಸಿಕೊಳ್ಳಲು ನೋಡಿದೆ. ಕಡವಿನ ದೋಣಿಯ ಸಮಯ ಬದಲಾದ ಪ್ರಕಟಣೆ ಕೊನೆಯ ಗಳಿಗೆಯಲ್ಲಿ ಬಂದಿತ್ತು. ಎಲ್ಲಿಂದಲೋ ಕೆಲವು ಸಾಲು ತೆಗೆದು ಅದಕ್ಕೆ ಜಾಗ ಮಾಡಿದ್ದೆ. ಎಲ್ಲಿಂದ ಎಂಬುದು ನೆನಪಾಗಲಿಲ್ಲ. ವಾರಕ್ಕೆ ಅಂಥ ಇಪ್ಪತ್ತು ಕಡೆ ಸಾಲು ತೆಗೆಯುತ್ತಿದ್ದೆ.

ಗುರುವಾರ ಬೆಳಿಗ್ಗೆ ಮೊಳೆ ಜೋಡಿಸುವ ಹಿರಿಯರನ್ನು ಕೇಳಿದೆ.

"ಮೇಷ್ಟ್ರ ಹಸ್ತಪ್ರತಿ ಎಲ್ಲಿತ್?"

"ಹಸ್ತಪ್ರತಿಯಾ? ನೀವೇ ಹೇಳದ್ದಲ್ದಾ, ಹಳಿ ಕಾಪಿ ಬೆನ್ನಿಗೆ ಪ್ರೂಫ್ ತೆಗೀಲಕ್ ಅಂತ. ಎಲ್ಲ ಹೋಯ್ತ್."

ಕಾಗದದ ಬರದಿಂದ ನಾವು ಮಾಡಿಕೊಂಡ ಏರ್ಪಾಟು ಅದು. ಅಚ್ಚಾಗಿ ಮುಗಿದ ಹಸ್ತಪ್ರತಿಗಳ ಖಾಲಿ ಬೆನ್ನಿನ ಮೇಲೆ ಕರಡು ತೆಗೆಯುತ್ತಿದ್ದೆವು. ಗೋಡೆಯ ಮೊಳೆಗೆ ಚುಚ್ಚಿದ್ದ ಕರಡುಗಳನ್ನೆಲ್ಲ ಇಳಿಸಿ ಒಂದೊಂದನ್ನೇ ಮಗುಚಿದೆವು. ಮೇಷ್ಟ್ರ ಹಾಳೆಗಳಲ್ಲಿ ಮೊದಲ ಎರಡು ಸಿಕ್ಕವು. ಮೂರನೆಯದು ಇಲ್ಲ.

"ನಿಲ್ಲಿ," ಅಂದರು ಹಿರಿಯರು. "ತಲ್ಲೂರಿನ ಆ ಉಪನಯನದ ಕಾಗ್ದ... ಅದ್ರ ಪ್ರೂಫ್ ಅವ್ರ ಮನಿಗೇ ಕಳ್ಸದ್ದ್. ವಾಪಸ್ ಬರ್ಲಿಲ್ಲೆ."

ಮತ್ತೆ ಹೊಳೆ ದಾಟಿ ತಲ್ಲೂರಿಗೆ ಹೋದೆ. ಮನೆಯ ಹಿರಿಯರು ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಆಮಂತ್ರಣದ ಕರಡು ಬೇಕೆಂದೆ.

"ತಪ್ಪ್ ಹುಡ್ಕುಕೆ ಬಂದದ್ದಾ? ತಡ ಆಯ್ತ್ ಮರಾಯ್ರೆ. ನಾವ್ ಹುಡ್ಕಿ ಆಯ್ತ್, ಉಪನಯನವೂ ಆಯ್ತ್."

"ಅದ್ರ ಹಿಂದಿನ ಬದಿ ಬೇಕಿತ್."

"ಹಿಂದಿನ ಬದೀಲಿ ಎಂತ ಇತ್?" ಎಂದು ಅವರು ಒಳಗೆ ಕೂಗಿ ಹೇಳಿದರು. ಪಂಚಾಂಗದ ಒಳಗೆ ಮಡಿಸಿ ಇಟ್ಟಿದ್ದ ಹಾಳೆ ಬಂತು. ಮಗುಚಿದೆ. ಮೇಷ್ಟ್ರ ಅಚ್ಚುಕಟ್ಟಾದ ಅಕ್ಷರ. ಕೆಳಗಿನಿಂದ ನಾಲ್ಕನೆಯ ಸಾಲಿನಲ್ಲಿ: 'ಈ ಹೋಲಿಕೆ ಗಾತ್ರದಲ್ಲಿ ಹೆಚ್ಚುಕಡಿಮೆ ಸಮನಾದ ಸಣ್ಣ ಅಣುಗಳಿಗೆ ಮಾತ್ರ ಸಲ್ಲುತ್ತದೆ, ಸೀಮೆಎಣ್ಣೆಯಂತಹ ಉದ್ದ ಅಣುಗಳ ದ್ರವಗಳನ್ನು ಈ ಮಾತಿನಿಂದ ಅಳೆಯಬಾರದು.' ಅದರ ಮೇಲೆ ಉದ್ದಕ್ಕೆ ಒಂದು ನೀಲಿ ಗೆರೆ. ಕಚೇರಿಯಲ್ಲಿ ನೀಲಿ ಸೀಸದಕಡ್ಡಿ ಇದ್ದದ್ದು ನನ್ನ ಹತ್ತಿರ ಮಾತ್ರ.

ಮನೆಯ ಹಿರಿಯರು ಬಗ್ಗಿ ನೋಡಿದರು. "ಯಾರೋ ಹೊಡ್ದ್ ಹಾಕಿರಲೆ."

"ಹೌದ್," ಅಂದೆ.

ಸಂಜೆ ಪತ್ರಿಕೆಯ ಯಜಮಾನರ ಮುಂದೆ ಹಾಳೆ ಇಟ್ಟೆ. ಅವರು ಕೋಪಗಾರರಲ್ಲ. ಪತ್ರಿಕೆ ನಡೆಯಬೇಕು ಎನ್ನುವವರು.

"ಮುದ್ರಣ ದೋಷ ಅಂತ ಎರಡ್ ಸಾಲ್ ಹಾಕಿ ಬಿಡಿ. ಮುಗೀತ್."

"ಅದ್ ಮುದ್ರಣ ದೋಷ ಅಲ್ಲ. ನಾನ್ ತೆಗ್ದದ್ದ್."

"ಓದುವವ್ರಿಗೆ ಅದೆಲ್ಲ ಎಂತಕೆ? ಉಪಸಂಪಾದಕರು ತಪ್ಪ್ ಮಾಡ್ರ್ ಅಂದ್ರೆ ನಾಳೆ ಎಲ್ರೂ ಪತ್ರ ಬರೀತ್ರ್."

ಮೊಳೆ ಜೋಡಿಸುವ ಹಿರಿಯರು ಮೊಳೆಗಳ ಪೆಟ್ಟಿಗೆಯ ಮುಂದಿನಿಂದ ತಲೆಯೆತ್ತದೆ ಹೇಳಿದರು: "ನಂಗೇನ್ ಅಡ್ಡಿಲ್ಲೆ ಹ್ವಾಯ್. ಇಷ್ಟ್ ವರ್ಷ ನಿಮ್ಮ್ ತಪ್ಪೆಲ್ಲ ನಂದೇ ಆಯಿ ಬಂದದ್ದ್. ಇನ್ನೊಂದ್ ಹೆಚ್ಚಾ?"

ತಮಾಷೆಗೆ ಹೇಳಿದರು. ನನಗೆ ನಗು ಬರಲಿಲ್ಲ. 'ಮುದ್ರಣ ದೋಷ' ಎಂಬ ಆ ಎರಡು ಪದಗಳನ್ನು ನಾನು ಎಷ್ಟು ಸಲ ಬರೆದಿದ್ದೆ, ಅದರಲ್ಲಿ ಎಷ್ಟು ಸಲ ಅದು ನಿಜವಾಗಿತ್ತು ಎಂದು ಲೆಕ್ಕ ಹಾಕಲು ಆ ಕ್ಷಣ ಮನಸ್ಸಾಗಲಿಲ್ಲ. ಅಲ್ಲೇ ಕುಳಿತು ಬರೆದೆ: 'ಲೇಖಕರು ಬರೆದಿದ್ದ ಈ ಕೆಳಗಿನ ವಾಕ್ಯವನ್ನು ಉಪಸಂಪಾದಕನು ಸ್ಥಳಾಭಾವದಿಂದ ತೆಗೆದುಹಾಕಿದ್ದನು. ಅದಿಲ್ಲದೆ ಲೇಖನದ ಅರ್ಥ ಕೆಟ್ಟಿತು. ಓದುಗರು ತೋರಿಸಿದ ದೋಷ ನಿಜ, ಅದು ಲೇಖಕರದ್ದಲ್ಲ.' ಕೆಳಗೆ ವಾಕ್ಯ. ಯಜಮಾನರು ಎರಡು ಸಲ ಓದಿದರು.

"ಜಾಗ ಎಲ್ಲಿತ್?"

"ನನ್ನ್ ಪೇಟೆ ಸುದ್ದಿ ಅಂಕಣ ಬಿಡುವ."

ಅವರು ಹೂಂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಹಿರಿಯರು ಮೊಳೆ ಜೋಡಿಸಲು ಶುರು ಮಾಡಿದರು.

ಶನಿವಾರ ಒದ್ದೆ ಕರಡು, ತಲ್ಲೂರಿನಿಂದ ತಂದ ಹಾಳೆ, ಗಾಜಿನ ಕೊಳವೆ ಹಿಡಿದು ಬೈಂದೂರಿನ ಶಾಲೆಗೆ ಹೋದೆ. ಸಮಿತಿಯವರು ಐದು ಜನ, ಏಳನೆಯ ತರಗತಿಯ ಬೆಂಚುಗಳ ಮೇಲೆ ಕುಳಿತಿದ್ದರು. ಮೇಷ್ಟ್ರು ಬಾಗಿಲ ಹತ್ತಿರ ನಿಂತಿದ್ದರು. ನಾನು ಕರಡು ಓದಿದೆ, ಹಾಳೆ ತೋರಿಸಿದೆ. ಎಣ್ಣೆ ಅಂಗಡಿಯ ಸಾಹುಕಾರರು ದಪ್ಪ ಮನುಷ್ಯ, ನಶ್ಯದ ಡಬ್ಬಿ ಕೈಯಲ್ಲೇ ಇತ್ತು.

"ಕಾಗ್ದ ಇರ್ಲಿ ಮರಾಯ್ರೆ. ಕಾಗ್ದದಂಗೆ ಯಾರ್ ಎಂತ ಬೇಕಾರೂ ಬರೀಲಕ್. ನಾನ್ ಹುಟ್ಟದಾರಭ್ಯ ಎಣ್ಣಿ ಅಳ್ದವ. ಸೀಮೆಎಣ್ಣಿಗಿಂತ ನೀರ್ ಗಟ್ಟಿ ಅಂಬ್ದನ್ನ ಕಣ್ಣಿಗೆ ತೋರ್ಸಿ, ಕಾಂಬ."

ಅವರ ಡಬ್ಬಿಯ ಮುಚ್ಚಳವನ್ನೇ ಕೇಳಿದೆ. ಒರೆಸಿ ಕೊಟ್ಟರು. ಕೊಳವೆಯನ್ನು ಅವರ ಕೈಯಲ್ಲೇ ಕೊಟ್ಟು, ಮೊದಲು ನೀರು ತುಂಬಿಸಿ ಅಂದೆ. ಎಣ್ಣೆ ಅಳೆಯುವ ರಾಗದಲ್ಲೇ ಎಣಿಸಲು ಶುರು ಮಾಡಿದರು. ಒಂದಕ್ಕೆ ಒಂದು ಅನ್ನಲಿಲ್ಲ, ಅಂಗಡಿಯ ರೂಢಿಯಂತೆ "ಲಾಭ" ಅಂದರು. ಲಾಭ, ಎರಡು, ಮೂರು. ಮುಚ್ಚಳ ತುಂಬಿದ್ದು ನಲವತ್ತೊಂದಕ್ಕೆ. ಚೆಲ್ಲಿ, ಒರೆಸಿ, ಶಾಲೆಯ ಲಾಟೀನಿನಿಂದ ಸೀಮೆಎಣ್ಣೆ ತೆಗೆದು ಮತ್ತೆ ಲಾಭದಿಂದ ಶುರು. ನಲವತ್ತೊಂದು ದಾಟಿತು. ಅವರ ದನಿ ಸ್ವಲ್ಪ ಇಳಿಯಿತು. ಅರವತ್ತು. ಎಪ್ಪತ್ತು. ಉಳಿದವರು ಬೆಂಚು ಬಿಟ್ಟು ಎದ್ದು ಬಂದು ಸುತ್ತ ನಿಂತರು. ಎಂಬತ್ತೇಳಕ್ಕೆ ಮುಚ್ಚಳ ತುಂಬಿತು.

"ಹನಿಯೇ ಸಣ್ಣದ್," ಅಂದರು ಸಾಹುಕಾರರು. ತಮಗೇ ಹೇಳಿಕೊಂಡ ಹಾಗೆ.

"ದೊಡ್ಡ ಹನಿ ಹಿಡ್ಕಂಬ ಶಕ್ತಿ ಅದ್ಕಿಲ್ಲೆ," ಅಂದರು ಮೇಷ್ಟ್ರು.

"ಆದ್ರೆ ಆರೂದಿಲ್ಲ!"

"ಆರೂದಿಲ್ಲ. ಅದೂ ಸೈ."

"ಹಾಂಗಾರೆ ನಾನ್ ಹೇಳದ್ದೂ ಸೈ, ನೀವ್ ಹೇಳದ್ದೂ ಸೈ." ಸಾಹುಕಾರರು ಮುಚ್ಚಳವನ್ನು ಪಂಚೆಯ ಚುಂಗಿನಿಂದ ಒರೆಸಿದರು. ಮೂಸಿ ನೋಡಿ ಮುಖ ಕಿವುಚಿದರು. ಇನ್ನು ಆ ಡಬ್ಬಿಯ ನಶ್ಯಕ್ಕೆ ಸೀಮೆಎಣ್ಣೆಯ ವಾಸನೆ ತಪ್ಪಿದ್ದಲ್ಲ. "ಹಾಂಗಾರೆ ತಪ್ಪ್ ಯಾರದ್ದ್?"

"ನಂದ್," ಅಂದೆ.

ಅವರು ನನ್ನನ್ನು ಒಂದು ಸಲ ಮೇಲಿನಿಂದ ಕೆಳಗೆ ನೋಡಿದರು. "ಎಂತ ಮಾಡೂದ್? ನಿಮ್ಮನ್ನ್ ನೇಮ್ಸದ್ದ್ ನಾವಲ್ಲ. ತೆಗ್ದ್ ಹಾಕುಕೆ ಬಪ್ಪುದಿಲ್ಲೆ."

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಅವರಿಗಿನ್ನೂ ಯಾರೂ ಏನೂ ಹೇಳಿರಲಿಲ್ಲ. ಸಾಹುಕಾರರು ಅದನ್ನು ಗಮನಿಸಿದರು. "ಮೇಷ್ಟ್ರೆ, ಸೋಮವಾರ ಶಾಲಿಗೆ ಬನ್ನಿ. ಮತ್ತೆ ನನ್ನ್ ಮೊಮ್ಮಗನಿಗೆ ಈ ಹನಿ ಲೆಕ್ಕ ಹೇಳಿಕೊಡಿ. ನಂಗೆ ಸಮಾ ತಿಳೀಲಿಲ್ಲೆ."

ನನಗೂ ಪೂರ್ತಿ ತಿಳಿದಿರಲಿಲ್ಲ. ಹೇಳಲಿಲ್ಲ.

ತಿದ್ದುಪಡಿ ಸೋಮವಾರ ಅಚ್ಚಾಯಿತು. ಪತ್ರ ಬರೆದು ದೂರಿದವರು ಯಾರೂ ಇಲ್ಲ. ಒಬ್ಬರು ಮಾತ್ರ ಪೇಟೆ ಸುದ್ದಿ ಯಾಕಿಲ್ಲ ಎಂದು ಕೇಳಿದರು.

ಒಂದು ತಿಂಗಳ ನಂತರ ಮೇಷ್ಟ್ರ ಎರಡನೆಯ ಲೇಖನ ಬಂತು, ಉಪ್ಪು ನೀರಿನಲ್ಲಿ ಕರಗುವುದರ ಬಗ್ಗೆ. ಜೊತೆಗೆ ಪತ್ರವಿರಲಿಲ್ಲ, ದೂರಿನ ಮಾತೂ ಇರಲಿಲ್ಲ. ಪ್ರತಿಯೊಂದು ವಾಕ್ಯದ ಮೊದಲು ಸಣ್ಣದಾಗಿ ಒಂದು ಅಂಕೆ ಇತ್ತು. ಕೊನೆಯ ಹಾಳೆಯ ಬುಡದಲ್ಲಿ, ಬೇರೆ ಶಾಯಿಯಲ್ಲಿ: 'ಒಟ್ಟು ವಾಕ್ಯ ಮೂವತ್ತೆಂಟು.'

ಆ ವಾರವೂ ಜಾಗ ಸಾಲಲಿಲ್ಲ. ನೀಲಿ ಸೀಸದಕಡ್ಡಿ ತೆಗೆದು ನನ್ನ ಪೇಟೆ ಸುದ್ದಿಯ ಮೇಲೆ ಗೆರೆ ಎಳೆದೆ. ಕರಡು ಬಂದ ಮೇಲೆ ಮೇಷ್ಟ್ರ ವಾಕ್ಯಗಳನ್ನು ಬೆರಳಿಟ್ಟು ಎಣಿಸಿದೆ. ಮೂವತ್ತೆಂಟೂ ಇದ್ದವು.